ಕಪ್ಪಗ ಆದರ ಅಂಜಬ್ಯಾಡಂತ ಹೇಳ್ರಿ

ಅಡುಗೆಮನೆಯ ಹಲಗೆಗಳ ಮೇಲೆ ಹಾಸಿದ ಹಳೆಯ ಹಾಳೆ ಬದಲಿಸುವ ಕೆಲಸ ಹೋದ ವಾರ ನನ್ನ ಪಾಲಿಗೆ ಬಂತು. ಖಾರದ ಡಬ್ಬಿ ಎತ್ತಿದರೆ ಅದರ ಕೆಳಗೆ ಗೋಡೆ ಕ್ಯಾಲೆಂಡರಿನ ಒಂದು ಇಡೀ ತಿಂಗಳು ಸಿಕ್ಕಿತು. ಎಣ್ಣೆ ಕುಡಿದು ಹಳದಿಯಾಗಿತ್ತು. ಪ್ರತಿ ತಾರೀಖಿನ ಮೂಲೆಯಲ್ಲಿ ನೀಲಿ ಶಾಯಿಯ ಸಣ್ಣ ಗುರುತು. ಕೆಲವು ಕಡೆ ಸರಿ ಚಿಹ್ನೆ, ಕೆಲವು ಕಡೆ ಬರೀ ಚುಕ್ಕೆ, ಎರಡು ಕಡೆ ಪ್ರಶ್ನಾರ್ಥಕ. ಒಮ್ಮೆ ಮನೆಗೆ ಬಂದ ಬೀಗರು ಇಂಥದೇ ಹಾಳೆ ನೋಡಿ, ನಾನು ಯಾವುದೋ ಕಠಿಣ ವ್ರತ ಹಿಡಿದಿದ್ದೇನೆಂದು ತಿಳಿದು ಕೈ ಮುಗಿದಿದ್ದರು. ನಾನೂ ತಕ್ಕ ಗಾಂಭೀರ್ಯದಿಂದ ತಿರುಗಿ ಕೈ ಮುಗಿದಿದ್ದೆ. ನಿಮ್ಮೆದುರು ಮುಚ್ಚಿಡುವುದೇನು, ಅದು ವ್ರತವಲ್ಲ. ನನ್ನ ಮುಂಜಾವಿನ ಹೊಟ್ಟೆಯ ದಾಖಲೆ. ಸರಿ ಚಿಹ್ನೆ ಎಂದರೆ ಸಲೀಸು. ಚುಕ್ಕೆ ಎಂದರೆ ಹೋಗಿ ಕೂತು ಬಂದದ್ದಷ್ಟೇ. ಪ್ರಶ್ನಾರ್ಥಕದ ಅರ್ಥವನ್ನು ನಿಮ್ಮ ಅನುಭವಕ್ಕೆ ಬಿಡುತ್ತೇನೆ.

ಹಾಳೆ ನೋಡಿ ಮೊದಲು ನಗು ಬಂತು. ಮೇಲೆ ತಿಂಗಳ ಹೆಸರು ಓದಿದೆ, ನವೆಂಬರ್. ನಗು ನಿಂತಿತು. ಅದೇ ತಿಂಗಳು, ಅದೇ ಮನೆಯಲ್ಲಿ ನನ್ನ ಹೆಂಡತಿ ಸುಶೀಲಾ ತಾನು ಸಾಯುತ್ತಿದ್ದೇನೆಂದು ನಂಬಿಕೊಂಡು ಓಡಾಡುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಏನೂ ಆಗಿಲ್ಲ ಎಂದು ತಿಳಿಸುವ ಮಾತು ನನ್ನ ಕೈಗೆ ಬಂದಿತ್ತು. ನಾನು ಅದನ್ನು ಅವಳಿಗೆ ಮುಟ್ಟಿಸಿರಲಿಲ್ಲ. ಇದನ್ನು ಹೇಳಿಬಿಡಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ಒಮ್ಮೆಲೇ ಹೇಳುವಷ್ಟು ಎದೆಯಿಲ್ಲ. ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ಸಹಿಸಿಕೊಳ್ಳಿ.

ನಮ್ಮದು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯ ಬದಿಯ ಊರು. ಅಪ್ಪ ನಿಪ್ಪಾಣಿಯಲ್ಲಿ ತಂಬಾಕು ಕೂಡಿಡುವ ಒಂದು ವಖಾರಿಯಲ್ಲಿ ತೂಕ ಹಿಡಿಯುವ ಕೆಲಸದಲ್ಲಿದ್ದ. ಅವ್ವ ವಾರಕ್ಕೊಮ್ಮೆ ಹಂಚಿನ ಮೇಲೆ ತಂಬಾಕು ಕರ್ರಗೆ ಹುರಿದು, ಪುಡಿ ಮಾಡಿ, ಡಬ್ಬಿಗೆ ತುಂಬಿಡುತ್ತಿದ್ದಳು. ಅದಕ್ಕೆ ಮಿಶ್ರಿ ಅನ್ನುತ್ತೇವೆ. ಅಪ್ಪ ಬೆಳಿಗ್ಗೆ ಎದ್ದು ಮಿಶ್ರಿ ಬೆರಳಿಗೆ ಹಚ್ಚಿ, ಹಲ್ಲಿಗೆ ತಿಕ್ಕುತ್ತ, ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತಾಡಕೂಡದು. ಕರು ಕೂಗಿದರೂ ಅವ್ವ ಓಡಿ ಹೋಗಿ ಅದರ ಬಾಯಿ ಸವರುತ್ತಿದ್ದಳು. ತುಸು ಹೊತ್ತಿಗೆ ಅಪ್ಪ ಕಣ್ಣು ತೆರೆದು, ತೀರ್ಪು ಕೊಡುವ ದನಿಯಲ್ಲಿ, “ತಂಬಿಗಿ” ಎನ್ನುತ್ತಿದ್ದ. ನೀರು ತುಂಬಿದ ತಂಬಿಗೆ ಅವನ ಕೈ ಸೇರುತ್ತಿತ್ತು. ಮನೆ ಉಸಿರು ಬಿಡುತ್ತಿತ್ತು.

ಒಮ್ಮೆ ಅಥಣಿ ಕಡೆ ಮದುವೆಗೆ ಹೋದಾಗ ಮಿಶ್ರಿ ಡಬ್ಬಿ ಊರಲ್ಲೇ ಉಳಿಯಿತು. ಬೀಗರ ಮನೆಯಲ್ಲಿ ಕೇಳಲು ಅಪ್ಪನಿಗೆ ಮಾನ ಅಡ್ಡ ಬಂತು. ಮೂರು ದಿನ ಹೋಳಿಗೆ, ಮೂರು ದಿನ ತುಪ್ಪ, ಮೂರು ದಿನ ಏನೂ ಇಲ್ಲ. ಮದುವೆಯ ಫೋಟೋದಲ್ಲಿ ಅಪ್ಪ ಇವತ್ತಿಗೂ ಬಹಳ ದೊಡ್ಡ ವಿಚಾರವಂತನ ಹಾಗೆ ಕಾಣುತ್ತಾನೆ. “ನಿಮ್ಮಪ್ಪ ಎಷ್ಟ ಗಂಭೀರ ಮನಶ್ಯಾ ಅಂತೀನಿ” ಎಂದು ಆ ಕಡೆಯವರು ಬಹಳ ವರ್ಷ ಹೊಗಳುತ್ತಿದ್ದರು.

ಅವ್ವ ಯಾವಾಗ ಹೋಗುತ್ತಿದ್ದಳು? ನನಗೆ ಗೊತ್ತಿಲ್ಲ. ಹೆಂಗಸರು ನಾವು ಏಳುವ ಮೊದಲೇ ಕತ್ತಾಳೆ ಬೇಲಿಯ ಆಚೆ ಹೋಗಿ ಬಂದಿರುತ್ತಿದ್ದರು. ಹೆಂಗಸರಿಗೆ ಹೊಟ್ಟೆ ಅನ್ನುವುದು ಇರುವುದು ಬಸಿರಿಗೆ ಮತ್ತು ಉಪವಾಸಕ್ಕೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಈ ತಿಳಿವಳಿಕೆ ನನಗೆ ಮೀಸೆ ಬಂದ ಮೇಲೂ ಹೋಗಲಿಲ್ಲ, ಮೀಸೆ ಬೆಳ್ಳಗಾದ ಮೇಲೂ ಹೋಗಲಿಲ್ಲ.

ಮುಂದೆ ನಾನು ಸರಕಾರಿ ಕಚೇರಿಯಲ್ಲಿ ಕಾರಕೂನನಾದೆ. ಮೂವತ್ತೊಂದು ವರ್ಷ ಆವಕ-ಜಾವಕದ ಮೇಜು. ಬಂದ ಪತ್ರ ಬರೆದುಕೊಳ್ಳುವುದು, ಹೋಗುವ ಪತ್ರ ಕಳಿಸುವುದು. ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ ಎಂದು ವರ್ಗವಾದಾಗೆಲ್ಲ ನನ್ನ ಹೊಟ್ಟೆಯೂ ನನ್ನ ಜೊತೆ ವರ್ಗವಾಗುತ್ತಿತ್ತು. ಹೊಳೆದಂಡೆಯ ನೀರಿಗೆ ಅದು ಪ್ರಸನ್ನವಾಗುತ್ತಿತ್ತು, ಸವಳು ಬಾವಿಯ ನೀರಿಗೆ ಮುನಿಯುತ್ತಿತ್ತು. ಜೋಳದ ರೊಟ್ಟಿ ಬಿಟ್ಟು ಎರಡು ದಿನ ಗೋದಿ ಚಪಾತಿ ತಿಂದರೆ ಕೆಲಸ ಬಂದ್. ಕಬ್ಬಿನ ಗಾಣದ ಹಂಗಾಮಿನಲ್ಲಿ ಹಾಲು ಕುಡಿದರೆ, ಎಂದರೆ ಕಬ್ಬಿನ ಹಾಲು, ಎರಡು ಹೊತ್ತು ಓಡಾಟ. ನಿವೃತ್ತನಾದ ಮೇಲೆ ಗುಳಿಗೆಗಳ ಕಾಲ ಬಂತು. ಮೊಣಕಾಲಿಗೆಂದು ಕೊಟ್ಟ ಗುಳಿಗೆ ಮೊಣಕಾಲನ್ನು ಬಿಟ್ಟು ಹೊಟ್ಟೆಯನ್ನು ಹಿಡಿಯಿತು. ಕೆಮ್ಮಿನ ಔಷಧ ಕೆಮ್ಮಿನ ಜೊತೆ ಉಳಿದದ್ದನ್ನೂ ನಿಲ್ಲಿಸಿತು. ಜ್ವರಕ್ಕೆ ಐದು ದಿನ ನುಂಗಿದ ಕ್ಯಾಪ್ಸೂಲು ಐದು ದಿನವೂ ನನ್ನನ್ನು ಬಾಗಿಲ ಹತ್ತಿರವೇ ಕೂರಿಸಿತು. ಇವನ್ನೆಲ್ಲ ನಾನು ಯಾರಿಂದಲೂ ಬಚ್ಚಿಡಲಿಲ್ಲ. ಪಕ್ಕದ ಮನೆಯ ಅಪ್ಪಾಸಾಹೇಬ, ಬಸ್ ಕಂಡಕ್ಟರನಾಗಿ ನಿವೃತ್ತನಾದವನು, ದಿನಾ ಬೆಳಿಗ್ಗೆ ನಮ್ಮ ಕಟ್ಟೆಗೆ ಬಂದು ಕೂತು, “ಏನ್ರಿ ಕಾರಕೂನ್ರ, ಇವತ್ತ ಗಾಡಿ ಟೈಮಿಗೆ ಬಿಡ್ತೇನ್ರಿ?” ಎಂದು ಕೇಳುತ್ತಿದ್ದ. ನಾನು ಸವಿಸ್ತಾರವಾಗಿ ವರದಿ ಒಪ್ಪಿಸುತ್ತಿದ್ದೆ. ಸುಶೀಲಾ ಒಳಗಿನಿಂದ ಚಹಾ ತಂದಿಟ್ಟು ಹೋಗುತ್ತಿದ್ದಳು.

ಆಮೇಲೆ ಬೀಟ್‌ರೂಟಿನ ಪ್ರಕರಣ. ನಮ್ಮ ಮಗಳು ಸವಿತಾಳ ಮನೆ ನಿಪ್ಪಾಣಿಯಲ್ಲಿ. ಅಲ್ಲಿ ಒಂದು ಮಧ್ಯಾಹ್ನ ಕೆಂಪನೆಯ ಕೋಸಂಬರಿ ಮಾಡಿದ್ದಳು, ರುಚಿಯಾಗಿತ್ತು, ಎರಡು ಬಟ್ಟಲು ತಿಂದೆ. ಮರುದಿನ ಊರಲ್ಲಿ, ನಮ್ಮ ಸಂಡಾಸಿನಲ್ಲಿ ಕೆಳಗೆ ನೋಡಿದವನೇ ಗೋಡೆ ಹಿಡಿದೆ. “ಸುಶೀಲಾ, ರಕ್ತ!” ಎಂದು ನಾನು ಕೂಗಿದ್ದು ಹೆದ್ದಾರಿಗೆ ಕೇಳಿಸಿತಂತೆ. ಅಪ್ಪಾಸಾಹೇಬ ಯಾರದೋ ಜೀಪು ತಂದ. ನಮ್ಮ ಕಡೆಯವರಿಗೆ ದೊಡ್ಡ ಜಡ್ಡು ಎಂದರೆ ಮಿರಜದ ದವಾಖಾನೆ. ಜೀಪಿನಲ್ಲಿ ನಾನು ಸುಶೀಲಾಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅವಳು ಕೊಕಟನೂರ ಎಲ್ಲಮ್ಮನಿಗೆ ಐದು ಮಂಗಳವಾರ ಹರಕೆ ಹೊತ್ತಳು. ಮಿರಜದಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ನಿನ್ನೆ ಏನು ತಿಂದಿರಿ ಎಂದು ಕೇಳಿದರು. ನಾನು ಹೇಳಿದೆ. ಡಾಕ್ಟರು ಕೈ ತೊಳೆದುಕೊಳ್ಳಲು ಹೋದರು. ಅವರ ಭುಜ ಅಲುಗುತ್ತಿತ್ತು.

ತಿರುಗಿ ಬರುವಾಗ, ಕಾಗವಾಡ ದಾಟಿದ ಮೇಲೆ ಅಪ್ಪಾಸಾಹೇಬ, “ಕೋಸಂಬರಿ ಛಲೋ ಆಗಿತ್ತೇನ್ರಿ?” ಎಂದ. ಸುಶೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಐದು ಮಂಗಳವಾರ ಮಾತ್ರ ತಪ್ಪಿಸಲಿಲ್ಲ.

ಕಳೆದುಹೋದ ಮಾನವನ್ನು ವಿದ್ಯೆಯಿಂದ ಗಳಿಸಬೇಕೆಂದು ನಾನು ತೀರ್ಮಾನಿಸಿದೆ. ಪತ್ರಿಕೆಯ ಆರೋಗ್ಯ ಪುಟದಲ್ಲಿ ಮಲದ ಬಣ್ಣಗಳ ಬಗ್ಗೆ ಒಂದು ಲೇಖನ ಬಂದಿತ್ತು. ಅರ್ಧ ಓದಿದೆ. ಕಟ್ಟೆಯ ಮೇಲೆ ಮಾತಾಡಲು ಅರ್ಧ ಸಾಕು ಅನ್ನಿಸಿತು, ಮಡಚಿಟ್ಟೆ. ಮರುದಿನ ಅಪ್ಪಾಸಾಹೇಬನಿಗೆ ಕನ್ನಡಕ ಹಾಕಿಕೊಂಡು ಉಪದೇಶ ಮಾಡಿದೆ.

“ನೋಡು ಅಪ್ಪಾಸಾಹೇಬ, ಕೆಂಪಗ ಆದ್ರ ಅಂಜಬಾರ್ದು. ಅದು ತಿಂದದ್ದರ ಬಣ್ಣ ಇರಬಹುದು. ಅಂಜಬೇಕಾದದ್ದು ಕಪ್ಪಿಗೆ. ಕಪ್ಪಗ ಆತು ಅಂದ್ರ ಒಳಗ ರಕ್ತ ಸೋರಾಕತ್ತೈತಿ ಅಂತ ತಿಳಿ. ಆಟ ಮುಗೀತು.”

“ಹಂಗಂತೀರಿ?” ಎಂದು ಅಪ್ಪಾಸಾಹೇಬ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

“ಮುಗೀತು” ಎಂದೆ ನಾನು. ನನ್ನ ದನಿ ನನಗೇ ಬಹಳ ಚೆನ್ನಾಗಿ ಕೇಳಿಸಿತು. ಒಳಗೆ ಬಾಗಿಲ ಹತ್ತಿರ ಸುಶೀಲಾ ಅಕ್ಕಿ ಆರಿಸುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಅವಳಿಗೆ ಸುಸ್ತು ಬಂತು. ಹಿಟ್ಟಿನ ಗಿರಣಿಗೆ ಹೋಗಿ ಬಂದರೆ ಕೂತುಬಿಡುತ್ತಿದ್ದಳು. ಊರ ದವಾಖಾನೆಯ ಸಿಸ್ಟರು ಬೆರಳು ಚುಚ್ಚಿ ನೋಡಿ, ರಕ್ತ ಕಡಿಮೆ ಇದೆ, ಕಬ್ಬಿಣದ ಗುಳಿಗೆ ಕೊಡುತ್ತೇನೆ, ನಾಳೆ ದಾಸ್ತಾನು ಬರುತ್ತದೆ ಎಂದಳು. ಮರುದಿನ ತರಲು ನಾನು ಹೋದೆ. ನಮ್ಮ ಮನೆಯಲ್ಲಿ ಹೆಂಗಸರ ಔಷಧ ಗಂಡಸರೇ ತರುವುದು ರೂಢಿ. ಸಾಲಿನಲ್ಲಿ ಹತ್ತು ಹನ್ನೆರಡು ಜನ, ಹೆಚ್ಚಿನವರು ಹೆಂಗಸರು. ಸಿಸ್ಟರು ಸಣ್ಣ ವಯಸ್ಸಿನವಳು, ರಾಯಬಾಗ ಕಡೆಯವಳು, ದನಿ ಮಾತ್ರ ಸಣ್ಣದಲ್ಲ.

“ಅಜ್ಜಾರ, ದಿನಾ ಒಂದ ಗುಳಿಗಿ. ಊಟಾದ ಮ್ಯಾಲ. ಚಹಾದ ಕೂಡ ಬ್ಯಾಡ. ಮತ್ತ ಆಯಿಗ ಒಂದ ಮಾತ ಹೇಳ್ರಿ. ಈ ಗುಳಿಗಿಗೆ ಸಂಡಾಸ ಕಪ್ಪಗ ಆಕ್ಕೈತಿ, ಹೊಟ್ಟೀನೂ ಸ್ವಲ್ಪ ಕಟ್ಟತೈತಿ. ಕಪ್ಪಗ ಆದ್ರ ಅಂಜಬ್ಯಾಡಂತ ಹೇಳ್ರಿ. ಡಾಂಬರದಂಗ ಅಂಟಂಟ ಆದ್ರ ಅಷ್ಟ ಕರಕೊಂಡ ಬರ್ರಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನ್ನ ಕಿವಿ ಬಿಸಿಯಾಯಿತು. ನನ್ನ ಹೆಂಡತಿಯ ಸಂಡಾಸು, ನಾಲ್ಕು ಜನರ ಎದುರು! “ಆತ್ರಿ, ಆತ್ರಿ” ಎಂದು ಅವಳ ಮಾತು ಮುಗಿಯುವ ಮೊದಲೇ ಗುಳಿಗೆ ಜೇಬಿಗೆ ತುರುಕಿ ಹೊರಟೆ. ಮನೆಗೆ ಬಂದು, “ಊಟಾದ ಮ್ಯಾಲ ಒಂದು” ಎಂದು ಅವಳ ಕೈಗಿಟ್ಟೆ. ಉಳಿದದ್ದು ನಾಲಿಗೆಯ ತುದಿಯವರೆಗೆ ಬಂತು. ಆದರೆ ಎದುರಿಗೆ ನಿಂತ ಹೆಂಡತಿಗೆ, ನಿನ್ನದು ಕಪ್ಪಗಾಗುತ್ತದೆ ಎಂದು ಹೇಗೆ ಹೇಳುವುದು? ನನ್ನ ಹೊಟ್ಟೆಯ ವಾರ್ತೆಯನ್ನು ಕಟ್ಟೆಯಿಂದ ಸಾರುತ್ತಿದ್ದ ನನಗೆ ಅವಳ ಹೊಟ್ಟೆಯ ಒಂದು ವಾಕ್ಯ ಅಸಭ್ಯವಾಗಿ ಕಂಡಿತು. ಸಂಜೆ ಹೇಳೋಣ ಅಂದುಕೊಂಡೆ. ಸಂಜೆಗೆ ಮರೆತೆ. ಮರೆತೆ ಅನ್ನುವುದೂ ಪೂರ್ತಿ ಖರೆಯಲ್ಲ. ಹೇಳಬೇಕಾಗಿಲ್ಲ ಎಂದು ನನಗೆ ನಾನೇ ರಜೆ ಮಂಜೂರು ಮಾಡಿಕೊಂಡೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳು ಕಪ್ಪು ನೋಡಿದ್ದಾಳೆ. ಕೂಗಲಿಲ್ಲ. ಜೀಪು ಬರಲಿಲ್ಲ. ಯಾರ ತೊಡೆಯ ಮೇಲೂ ತಲೆಯಿಡಲಿಲ್ಲ. ನೀರು ಸುರಿದು, ಕೈಕಾಲು ತೊಳೆದು, ಬಂದು ಚಹಾ ಮಾಡಿ ನಮ್ಮಿಬ್ಬರಿಗೂ ಕಟ್ಟೆಗೆ ತಂದಿಟ್ಟಿದ್ದಾಳೆ. ಹೋಗುವ ರಕ್ತಕ್ಕೆ ಬರುವ ರಕ್ತ ಸರಿಯಾಗಲೆಂದು ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಅದು ಇನ್ನಷ್ಟು ಕಪ್ಪಾಯಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಆಗ ನಾನು ಕಂಡದ್ದು ಬೇರೆ. ಒಂದು ದಿನ ಅವಳು, “ಬರ್ರಿ ಇಲ್ಲೆ, ರೊಟ್ಟಿ ಬಡೀಲಿಕ್ಕೆ ಕಲೀರಿ” ಎಂದಳು.

“ನಾ ಯಾಕ ಕಲೀಬೇಕು?”

“ಕಲ್ತ್ರ ಏನ ಕೈ ಸವೀತಾವೇನು? ಹಿಟ್ಟಿಗೆ ಬಿಸಿನೀರ ಹಿಂಗ ಹಾಕೂದು. ಅಂಗೈಲೆ ತಿಕ್ಕರಿ. ಏ, ಹಂಗಲ್ಲ, ಅದೇನ ಕಚೇರಿ ಶಿಕ್ಕಾ ಹೊಡದಂಗ ಹೊಡಿತೀರಿ!”

ನನ್ನ ರೊಟ್ಟಿ ಕರ್ನಾಟಕದ ನಕ್ಷೆಯ ಹಾಗೆ ಬಂತು. ಅವಳು ಅದನ್ನೇ ತಿಂದು, ಛಲೋ ಆಗೈತಿ ಎಂದಳು. ಆ ಹೊಗಳಿಕೆಗೆ ನಾನು ಅನುಮಾನಪಡಬೇಕಿತ್ತು. ಖಾರದ ಡಬ್ಬಿ ಯಾವುದು, ಅಗಸಿ ಹಿಂಡಿ ಯಾವುದು ಎಂದು ಚೀಟಿ ಅಂಟಿಸಿದಳು. ಜಗಳ ಬಿಟ್ಟಳು. ನಾನು ಒದ್ದೆ ಟವೆಲು ಹಾಸಿಗೆಯ ಮೇಲೆ ಎಸೆದರೆ ಎತ್ತಿ ಹಾಕಿ ಸುಮ್ಮನಾಗುತ್ತಿದ್ದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಇಷ್ಟು ನೆಮ್ಮದಿಯ ತಿಂಗಳು ಕಂಡಿಲ್ಲ ಎಂದು ನಾನು ಅಪ್ಪಾಸಾಹೇಬನಿಗೆ ಹೇಳಿದೆ. “ವಯಸ್ಸಾದ ಮ್ಯಾಲ ಶಾಂತ ಆಕ್ಕಾರ ನೋಡು” ಎಂದೆ. ಈ ಸಾಲು ಬರೆಯುವಾಗ ಪೆನ್ನು ಒಮ್ಮೆ ಕೆಳಗಿಟ್ಟೆ.

ಐದು ವಾರದ ಮೇಲೆ ಒಂದು ರವಿವಾರ ಬೆಳಿಗ್ಗೆ ಸವಿತಾ ಫೋನು ಮಾಡಿದಳು. “ಅಪ್ಪಾ, ನಿನ್ನೆ ಅವ್ವ ಬಂದಾಕಿ ತನ್ನ ಬೋರಮಾಳ ನನ್ನ ಕೈಯಾಗ ಇಟ್ಟ ಹೋಗ್ಯಾಳ. ಯಾಕಬೇ ಅಂದ್ರ ಇರ್ಲಿ ಇಟ್ಕೊ ಅಂದ್ಳು. ಏನಾಗೈತಿ ಅಲ್ಲೆ?”

ಬೋರಮಾಳ ಎಂದರೆ ಬೋರೆಹಣ್ಣಿನಂಥ ಚಿನ್ನದ ಗುಂಡುಗಳ ಸರ. ಅವಳ ತವರಿನದು. ಮದುವೆಯಾದಾಗಿನಿಂದ ಅದನ್ನು ನಾನು ಅವಳ ಕೊರಳಿನಲ್ಲಲ್ಲದೆ ಬೇರೆಲ್ಲೂ ನೋಡಿರಲಿಲ್ಲ. ಕೊರಳು ಖಾಲಿಯಾಗಿ ಒಂದು ದಿನವಾಗಿದ್ದರೂ ನೋಡಿರಲಿಲ್ಲ.

ಒಳಗೆ ಹೋಗಿ ಕೇಳಿದೆ. ಅವಳು ಮೊದಲು ಸೌತೆಕಾಯಿ ಹೆಚ್ಚುತ್ತಲೇ ಇದ್ದಳು. ಆಮೇಲೆ ಈಳಿಗೆ ಬದಿಗಿಟ್ಟು, ನೆಲ ನೋಡುತ್ತ ಹೇಳಿದಳು.

“ಕಪ್ಪಗ ಆಗಾಕತ್ತೈತ್ರಿ.”

“ಏನು?”

“ಏನಂತ ಬಿಡಿಸಿ ಹೇಳಬೇಕೇನ್ರಿ? ಐದ ವಾರಾತು.”

“ನನಗ ಯಾಕ ಹೇಳಲಿಲ್ಲ?”

“ನೀವ ಹೇಳಿದ್ರಲ್ಲಾ, ಕಪ್ಪಗ ಆದ್ರ ಆಟ ಮುಗೀತಂತ. ಮುಗದದ್ದಕ್ಕ ಮತ್ತ ನಿಮ್ಮನ್ಯಾಕ ಅಂಜಸೂದು? ಬೀಟ್‌ರೂಟಿಗೇ ನೀವು ಅಷ್ಟ ಅಂಜಿದವರು.”

ಈಗ ನಾನು ಏನು ಮಾಡಬೇಕಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಸಿಸ್ಟರು ನನಗೆ ಅವತ್ತೇ ಹೇಳಿದ್ದಳು, ನಾನು ನಿನಗೆ ಹೇಳಲಿಲ್ಲ, ಅಷ್ಟೇ. ಎರಡು ಸಣ್ಣ ವಾಕ್ಯ. ನಾನು ಟೊಪ್ಪಿಗೆ ಹಾಕಿಕೊಂಡೆ. “ತಡಿ, ದವಾಖಾನಿಗೆ ಹೋಗಿ ಕೇಳ್ಕೊಂಡ ಬರ್ತೀನಿ” ಎಂದು ಹೊರಬಿದ್ದೆ. ಹಾಲಿನ ಡೈರಿಯ ಹಿಂದಿನ ಬೇವಿನ ಮರದ ಕೆಳಗೆ ತಕ್ಕಷ್ಟು ಹೊತ್ತು ನಿಂತೆ. ಒಂದು ನಾಯಿ ನನ್ನನ್ನೇ ನೋಡುತ್ತಿತ್ತು. ತಿರುಗಿ ಓಡುತ್ತ ಬಂದು, ಏದುಸಿರು ಬಿಡುತ್ತ, “ಸುಶೀಲಾ, ಅದು ಗುಳಿಗಿ ಬಣ್ಣಂತ! ಏನೂ ಅಂಜೂದಿಲ್ಲಂತ! ಸಿಸ್ಟರು ಹೇಳಿದ್ಳು” ಎಂದೆ.

ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತು ಅತ್ತಳು. ಸಂಜೆ ಶಿರಾ ಮಾಡಿದಳು. ಅಪ್ಪಾಸಾಹೇಬನ ಹೆಂಡತಿಗೆ, ಓಣಿಯವರಿಗೆ, ನೀರಿನ ನಳದ ಹತ್ತಿರ ನಿಂತವರಿಗೆ, “ನಮ್ಮವರು ಓಡಿ ಹೋಗಿ ಕೇಳ್ಕೊಂಡ ಬಂದ್ರು” ಎಂದು ಹೇಳಿಕೊಂಡು ಬಂದಳು. ಓಣಿಯ ಹೆಂಗಸರು ನನ್ನನ್ನು ಕಂಡರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳತೊಡಗಿದರು. ಒಬ್ಬಳು ತನ್ನ ಗಂಡನಿಗೆ ನನ್ನನ್ನು ತೋರಿಸಿ, “ನೋಡಿ ಕಲೀರಿ” ಎಂದದ್ದನ್ನು ನಾನೇ ಕೇಳಿದೆ.

ಹದಿನೆಂಟು ದಿನ ಈ ಸತ್ಕಾರ ನಡೆಯಿತು. ಹದಿನೆಂಟನೆಯ ದಿನ ಮನೆಮನೆ ಭೇಟಿಗೆ ಸಿಸ್ಟರು ಬಂದಳು. ಸುಶೀಲಾಳ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಮೆಲ್ಲಗೆ ಒಂದೆರಡು ಪ್ರಶ್ನೆ ಕೇಳಿದಳು, ಎಲ್ಲ ಸರಿಯಿದೆ ಎಂದಳು. ಸುಶೀಲಾ ಚಹಾ ಕೊಟ್ಟು, “ಅವತ್ತ ನೀವು ಇವರಿಗೆ ಹೇಳಿ ಕಳಿಸಿದ್ರಿ, ಜೀವ ಉಳೀತ ನೋಡ್ರಿ ತಂಗಿ” ಎಂದಳು. “ಯಾವತ್ರಿ ಆಯಿ?” ಎಂದು ಸಿಸ್ಟರು ಕೇಳಿದಳು. “ಅದ, ಹದಿನೆಂಟ ದಿವಸದ ಹಿಂದ, ರವಿವಾರ.” ಸಿಸ್ಟರು ಚಹಾದ ಬಸಿಯಿಂದ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬಾಗಿಲ ಚೌಕಟ್ಟನ್ನು ನೋಡಿದೆ. “ಅಜ್ಜಾರು ಭಾಳ ಶಾಣ್ಯಾ ಅದಾರ” ಎಂದಳು ಸಿಸ್ಟರು. ಚಹಾ ಮುಗಿಸಿ ಚೀಲ ಎತ್ತಿಕೊಂಡು ಹೋದಳು. ಅವಳು ಅಲ್ಲೇ ಎರಡು ಬೈದು ಹೋಗಿದ್ದರೆ ಚೆನ್ನಾಗಿತ್ತು.

ಆ ಬಸಿ ತೊಳೆಯಲು ಸುಶೀಲಾ ಏಳುವ ಮೊದಲೇ ನಾನು ಹೇಳಿಬಿಟ್ಟೆ. ಸಾಲು, ನಗು, ಜೇಬು, ಬೇವಿನ ಮರ, ನಾಯಿ, ಎಲ್ಲ.

ಅವಳು, “ಗೊತ್ತೈತಿ” ಎಂದಳು.

“ಯಾವಾಗಿಂದ?”

“ನಮ್ಮೂರ ದವಾಖಾನಿ ರವಿವಾರ ಯಾವಾಗ ತಗದಾರ್ರಿ? ಯಾವ ಸಿಸ್ಟರನ್ನ ಕೇಳ್ಕೊಂಡ ಬಂದ್ರಿ ನೀವು, ಬೇವಿನ ಗಿಡದ ಸಿಸ್ಟರನ್ನ? ಆ ಮಾತ ನಿಮಗ ಮೊದಲ ಗೊತ್ತಿತ್ತಂತ ಅವತ್ತ ನಿಮ್ಮ ಮಾರೀನ ಹೇಳ್ತು.”

“ಮತ್ತ ಓಣಿ ತುಂಬ ಹೊಗಳಿದ್ಯಲ್ಲ?”

“ಹೊಗಳಿದ್ರ ನಾಚ್ಕಿ ಬಂದು ಹೇಳ್ತೀರಂತ. ಎರಡ ದಿನಕ್ಕ ಹೇಳ್ತೀರಂತ ತಿಳಿದಿದ್ದೆ.” ಬಸಿಗಳನ್ನು ಒಂದರ ಮೇಲೊಂದು ಇಟ್ಟಳು. “ನಾಳೆ ನಿಪ್ಪಾಣಿಗೆ ಹೋಗಿ ನನ್ನ ಬೋರಮಾಳ ತಗೊಂಡ ಬರ್ರಿ. ಅವ್ವ ಯಾಕ ಕೊಟ್ಟಿದ್ಳಂತ ಅಕಿ ಕೇಳ್ತಾಳ. ಖರೇನ ಹೇಳ್ರಿ. ನಾ ಹೇಳಾಂಗಿಲ್ಲ.”

ಮರುದಿನದ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಯಿತು. ಇನ್ನೂ ತೆವಳಲಿ ಎಂದು ನಾನು ಬಯಸಿದೆ. ಸವಿತಾಳ ಮನೆಯ ನಡುಮನೆಯಲ್ಲಿ ಕೂತು, ಅವಳು ಕೊಟ್ಟ ನೀರು ಕುಡಿದು, ಮೊದಲಿನಿಂದ ಹೇಳಿದೆ. ಮಗಳ ಎದುರು ಇಂಥ ಮಾತು ನಾನು ಎಂದೂ ಆಡಿದವನಲ್ಲ. ಅವಳು ಎದ್ದು ಹೋಗಿ, ಕರವಸ್ತ್ರದಲ್ಲಿ ಸುತ್ತಿದ ಬೋರಮಾಳ ತಂದು ನನ್ನ ಕೈಯಲ್ಲಿಟ್ಟಳು.

“ಈಗ ಅವ್ವಗ ಹೆಂಗೈತಿ?” ಎಂದಳು. “ಆ ಗುಳಿಗಿಗೆ ಹೊಟ್ಟಿ ಕಟ್ಟತೈತಿ. ದಿನಾ ಸಲೀಸ ಆಗಾಕತ್ತೈತೇನು?”

ಹಿಂದಿನ ಯಾವ ವರ್ಷದ ಯಾವ ತಾರೀಖು ಹೇಳಿದರೂ ನನ್ನದನ್ನು ನಾನು ತೋರಿಸಬಲ್ಲೆ. ಅವಳದು ನನಗೆ ಗೊತ್ತಿರಲಿಲ್ಲ. ನಿನ್ನೆ ಇಷ್ಟೆಲ್ಲ ತಪ್ಪೊಪ್ಪಿಕೊಂಡವನು ಇದೊಂದನ್ನು ಕೇಳಿರಲಿಲ್ಲ.

“ಗೊತ್ತಿಲ್ಲವಾ” ಎಂದೆ.

ಸವಿತಾ ತನ್ನ ಫೋನಿನಲ್ಲಿ ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು. “ಕೇಳಪ್ಪಾ” ಎಂದಳು.

ಆ ಕಡೆಯಿಂದ ಸುಶೀಲಾ “ಹಲೋ” ಎಂದಳು. ನಾನು ಕೇಳಿದೆ. ಹೇಗೆ ಕೇಳಿದೆನೋ, ಯಾವ ಶಬ್ದ ಬಳಸಿದೆನೋ ನೆನಪಿಲ್ಲ, ಕೇಳಿದ್ದಂತೂ ಹೌದು. ಆ ಕಡೆ ಪಾತ್ರೆ ಕೆಳಗಿಟ್ಟ ಸಪ್ಪಳ ಬಂತು.

“ಬಾಜೂಕ ಯಾರ ಅದಾರ್ರಿ?” ಎಂದಳು ಆಮೇಲೆ.

“ಸವಿತಾ ಅದಾಳ.”

“ಹಂಗಾರ ಅಕಿ ಕೈಯಾಗ ಕೊಡ್ರಿ.”

ಕೊಟ್ಟೆ. ಮಗಳು ಫೋನು ಕಿವಿಗೆ ಹಿಡಿದು, “ಹಾಂ ಅವ್ವಾ, ಹೇಳಬೇ” ಎನ್ನುತ್ತ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬೋರಮಾಳದ ಗಂಟು ಹಿಡಿದುಕೊಂಡು ನಡುಮನೆಯಲ್ಲಿ ನಿಂತೆ. ಒಳಗೆ ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು.